ಶಾಕುಂತಲದಲ್ಲಿ ನಡೆಯದ ಸಖೀಸಮಾಗಮ

ಒಂದೇ ಊರಿನಲ್ಲಿ ಒಡನಾಡಿ ಬೆಳೆದ ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಬೇರೆ ಮನೆಗಳನ್ನು ಸೇರಿದ ಮೇಲೆ, ಗೌರೀಹಬ್ಬಕ್ಕೋ ನಾಗಪಂಚಮಿಗೋ ತವರಿಗೆ ಬಂದು ಎರಡು ದಿನ ಕೂಡಿರುವುದುಂಟು. ನಗೆಮಾತುಗಳೆಲ್ಲ ಮುಗಿದ ಬಳಿಕ, ವರ್ಷಗಟ್ಟಲೆ ಆಡದೆ ಉಳಿದಿದ್ದ ಮಾತೊಂದು ಆಗ ಹೊರಬೀಳುವುದೂ ಉಂಟು. ಬಸವಪ್ಪಶಾಸ್ತ್ರಿಗಳ ಅನುವಾದದಿಂದ ಕನ್ನಡಿಗರಿಗೆ ಆಪ್ತವಾದ ಕಾಳಿದಾಸನ ‘ಶಾಕುಂತಲ’ದಲ್ಲಿ ಅಂಥ ಸಮಾಗಮವೊಂದರ ಕೊರತೆ ಸಹೃದಯರಿಗೆ ತೋರದಿರದು. ಏಳನೆಯ ಅಂಕದಲ್ಲಿ ಪತಿಪತ್ನಿಯರು ಕೂಡುತ್ತಾರೆ. ತಂದೆ ಮಗನನ್ನು ಕಾಣುತ್ತಾನೆ. ಕಣ್ವರಿಗೆ ಶುಭವಾರ್ತೆಯನ್ನು ಮುಟ್ಟಿಸಲು ಮಾರೀಚನು ಗಾಲವನೆಂಬ ಶಿಷ್ಯನನ್ನು ಕಳುಹಿಸುತ್ತಾನೆ. ಆದರೆ ನಾಲ್ಕನೆಯ ಅಂಕದಲ್ಲಿ ಗೆಳತಿಯನ್ನು ಬೀಳ್ಕೊಟ್ಟು ಹಿಂದಿರುಗಿದ ಅನಸೂಯೆ ಪ್ರಿಯಂವದೆಯರು ಮತ್ತೆ ರಂಗಕ್ಕೆ ಬರುವುದೇ ಇಲ್ಲ.

ರವೀಂದ್ರನಾಥ ಠಾಕೂರರು 1907ರಲ್ಲಿ ಪ್ರಕಟವಾದ ‘ಪ್ರಾಚೀನ ಸಾಹಿತ್ಯ’ದ ಪ್ರಬಂಧವೊಂದರಲ್ಲಿ ಈ ಇಬ್ಬರನ್ನೂ ಊರ್ಮಿಳೆಯೊಡನೆ ಕಾವ್ಯದಲ್ಲಿ ಉಪೇಕ್ಷಿತರಾದವರ ಸಾಲಿಗೆ ಸೇರಿಸಿ ಮರುಗಿದರು. ಆ ಮರುಕವು ಯುಕ್ತವಾದುದೇ. ಆದರೆ ಇಲ್ಲಿ ವಿಚಾರಿಸತಕ್ಕುದು ಉಪೇಕ್ಷೆಯೊಂದನ್ನೇ ಅಲ್ಲ. ಸಖಿಯರ ನಡುವೆ ತೀರದೆ ಉಳಿದ ಋಣವೊಂದಿದೆ.

ದುರ್ವಾಸರ ಶಾಪವು ಶಕುಂತಲೆಯ ಕಿವಿಗೆ ಬೀಳಲಿಲ್ಲ. ಹೂ ಬಿಡಿಸುತ್ತಿದ್ದ ಸಖಿಯರು ಕೇಳಿದರು. ಪ್ರಿಯಂವದೆ ಬೆನ್ನಟ್ಟಿಹೋಗಿ ಬೇಡಿಕೊಂಡು, ಗುರುತಿನ ಆಭರಣವನ್ನು ಕಂಡಾಗ ಶಾಪವು ಕಳೆಯುವುದೆಂಬಷ್ಟು ಅನುಗ್ರಹವನ್ನು ಪಡೆದಳು. ಮೃದುಸ್ವಭಾವದ ಗೆಳತಿಗೆ ಇದು ತಿಳಿಯಬಾರದೆಂದು ಇಬ್ಬರೂ ನಿಶ್ಚಯಿಸಿಕೊಂಡರು. ಅಗಲುವಾಗ, ಅರಸನು ಗುರುತಿಸಲು ತಡಮಾಡಿದರೆ ಉಂಗುರವನ್ನು ತೋರಿಸೆಂದಷ್ಟೇ ಹೇಳಿದರು. ಆ ಮಾತಿಗೆ ಶಕುಂತಲೆ ನಡುಗಿದಳು. ನಿಜವನ್ನು ತಿಳಿಸಲು ಅದೇ ಕಡೆಯ ಸಮಯ. ಅವರಾದರೋ ಇದು ಪ್ರೀತಿಯಿಂದ ಹುಟ್ಟಿದ ಶಂಕೆಯಷ್ಟೇ ಎಂದು ಸಮಾಧಾನಪಡಿಸಿ ಸುಮ್ಮನಾದರು. ಉಂಗುರವು ಶಚೀತೀರ್ಥದಲ್ಲಿ ಜಾರಿಹೋಯಿತು. ತನ್ನ ಬದುಕೇ ಅದರಲ್ಲಿ ಅಡಗಿದೆಯೆಂದು ತಿಳಿದಿದ್ದರೆ ಅವಳು ಅದನ್ನು ಎಷ್ಟು ಜೋಪಾನ ಮಾಡುತ್ತಿದ್ದಳೋ!

ಅವರೂ ಮದುವೆಯಾಗಬೇಕಾದ ಕನ್ಯೆಯರಾದುದರಿಂದ ಅರಮನೆಗೆ ಹೋಗುವುದು ಯುಕ್ತವಲ್ಲವೆಂದು ಕಣ್ವರು ಅವರನ್ನು ತಡೆದರು. ಲೋಕರೀತಿಗೆ ಒಪ್ಪುವ ಈ ಮಾತಿನಲ್ಲಿ ಕವಿಯ ಜಾಣ್ಮೆಯೂ ಇದೆ. ಜೊತೆಗೆ ಹೋದ ಗೌತಮಿಗಾಗಲಿ, ಶಾರ್ಙ್ಗರವ ಶಾರದ್ವತರಿಗಾಗಲಿ ಶಾಪದ ವಿಷಯ ಗೊತ್ತಿರಲಿಲ್ಲ. ಸಖಿಯರಲ್ಲಿ ಒಬ್ಬಳಾದರೂ ರಾಜಸಭೆಯಲ್ಲಿ ನಿಂತಿದ್ದರೆ ಐದನೆಯ ಅಂಕವು ಹಾಗೆ ನಡೆಯುತ್ತಿರಲಿಲ್ಲ. ಕರುಣೆಯಿಂದ ಬಚ್ಚಿಟ್ಟ ಮಾತು ಕ್ರೌರ್ಯದಷ್ಟೇ ನೋವನ್ನು ತರಬಲ್ಲುದೆಂಬುದನ್ನು ಕವಿಯು ಯಾರನ್ನೂ ದೂಷಿಸದೆ ಕಾಣಿಸಿದ್ದಾನೆ.

ಹಾಗಾದರೆ ಕಡೆಯಲ್ಲಿ ಸಖಿಯರನ್ನು ಕರೆತರದಿರುವುದು ದೋಷವೇ? ಮಾರೀಚನು ಶಾಪದ ವೃತ್ತಾಂತವನ್ನು ತಿಳಿಸಿದಾಗ, ಉಂಗುರವನ್ನು ತೋರಿಸೆಂದು ಸಖಿಯರು ಒತ್ತಿ ಹೇಳಿದ್ದುದು ಶಕುಂತಲೆಯ ನೆನಪಿಗೆ ಬರುತ್ತದೆ. ಅದು ಅವಳ ಸ್ವಗತ. ಬೇರೆ ಯಾರೂ ಕೇಳರು. ಅವರು ಮುಚ್ಚಿಟ್ಟುದೇನೆಂಬುದು ಅವಳಿಗೆ ಹೊಳೆಯುವುದು ಆಗಲೇ. ಆ ನೆನಪಿನಲ್ಲಿ ಆಕ್ಷೇಪದ ಎಳೆಯೂ ಇಲ್ಲ. ಸಮಾಗಮದ ಸಾರವು ಅಷ್ಟರಲ್ಲಿಯೇ ಸಂದಿದೆ ಎನ್ನಬಹುದು.

ಆದರೂ ಅದು ಅರ್ಧ ಸಮಾಗಮವೇ ಸರಿ. ಗೆಳತಿಯು ಅರಿತಳು, ಅರಿತಳೆಂಬುದನ್ನು ಅವಳ ಬಾಯಿಂದ ಕೇಳುವ ಭಾಗ್ಯ ಸಖಿಯರಿಗೆ ದೊರೆಯಲಿಲ್ಲ. ಮಗನಿಗೆ ರಾಜ್ಯಭಾರವನ್ನು ಒಪ್ಪಿಸಿ ಪತಿಯೊಡನೆ ಆಶ್ರಮಕ್ಕೆ ಮರಳುವೆಯೆಂದು ಕಣ್ವರು ಹೇಳಿದ್ದರಷ್ಟೆ. ಅವಳು ಮರಳುವ ಹೊತ್ತಿಗೆ ಅವರೂ ಬೇರೆ ಮನೆಗಳನ್ನು ಸೇರಿರತಕ್ಕವರು. ಅಗಲುವಾಗ ಅವಳು ಅವರ ಕೈಗೆ ಒಪ್ಪಿಸಿದ ವನಜ್ಯೋತ್ಸ್ನೆಯೆಂಬ ಬಳ್ಳಿಯು ಅಲ್ಲಿ ಇದ್ದೀತು. ನೀರೆರೆದ ಕೈಗಳು ಇರಲಾರವು.