‘ಸೂಪರ್’ ಎಂದರೆ ನೋಡಿದಂತಾಯಿತೆ?

ಅವರೆಕಾಯಿ ಕಾಲದ ಒಂದು ಭಾನುವಾರ ಪಕ್ಕದ ಬೀದಿಯ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದಳು. ಹದಿನಾರು ವರ್ಷ, ಮೊದಲ ಪಿಯುಸಿ. ಕೊರಳಲ್ಲಿ ಸೋದರಮಾವ ಕೊಡಿಸಿದ ಕ್ಯಾಮೆರಾ, ಕೈಯಲ್ಲಿ ಪೆನ್‌ಡ್ರೈವ್. ಅದರಲ್ಲಿ ಅವಳೇ ಆರಿಸಿದ ನಲವತ್ತು ಚಿತ್ರಗಳಿದ್ದವು. “ಅಂಕಲ್, ಇವು ಹೇಗಿವೆ ಹೇಳಿ. ಮುಂದೆ ಇದನ್ನೇ ಮಾಡಬಹುದಾ?” ಎಂದು ಕೇಳಿದಳು.

ಎರಡು ಪ್ರಶ್ನೆಗೂ ಅವಳ ಬಳಿ ಆಗಲೇ ಉತ್ತರಗಳಿದ್ದವು. ನೆಂಟರೆಲ್ಲ “ಸೂಪರ್ ಪುಟ್ಟಿ” ಅಂದಿದ್ದರು. ಅಪ್ಪ “ಹವ್ಯಾಸವಾಗಿ ಇಟ್ಟುಕೋ, ಓದು ಮೊದಲು” ಅಂದಿದ್ದರು. ಇವೆರಡು ಒಂದಕ್ಕೊಂದು ವಿರುದ್ಧವೆಂದೇ ನಾವು ತಿಳಿದಿದ್ದೇವೆ. ನೆಂಟರದು ಪ್ರೋತ್ಸಾಹ, ಅಪ್ಪನದು ಎಚ್ಚರಿಕೆ. ನನಗೆ ಹಾಗನ್ನಿಸುವುದಿಲ್ಲ. ಎರಡೂ ಚಿತ್ರವನ್ನು ನೋಡದೆ ಕೊಟ್ಟ ಉತ್ತರಗಳು. ಆ ನಲವತ್ತರ ಜಾಗದಲ್ಲಿ ಬೇರೆ ನಲವತ್ತು ಚಿತ್ರಗಳಿದ್ದಿದ್ದರೂ ನೆಂಟರು ಅದನ್ನೇ ಹೇಳುತ್ತಿದ್ದರು, ಅಪ್ಪನೂ ಅದನ್ನೇ ಹೇಳುತ್ತಿದ್ದರು.

ಎಳೆಯರನ್ನು ಹೊಗಳಬೇಕು, ತಪ್ಪು ತೋರಿಸಿದರೆ ಮುದುಡಿಹೋಗುತ್ತಾರೆ ಎಂಬುದು ಎಲ್ಲರೂ ಒಪ್ಪಿದ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಹೀಯಾಳಿಕೆಗೆ ಮಕ್ಕಳು ಮುದುಡುತ್ತಾರೆ, ನಿಜ. ಆದರೆ ತಪ್ಪು ತೋರಿಸುವುದೂ ಹೀಯಾಳಿಸುವುದೂ ಒಂದೇ ಅಲ್ಲ. ಛಾಯಾಗ್ರಹಣದಲ್ಲಂತೂ ಬರಿಯ ಹೊಗಳಿಕೆಯಿಂದ ಆಗುವ ನಷ್ಟ ದೊಡ್ಡದು. ಇಂದಿನ ಕ್ಯಾಮೆರಾ ಬೆಳಕನ್ನು ತಾನೇ ಅಳೆಯುತ್ತದೆ, ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆ. ಹಿಂದೆ ಡಾರ್ಕ್‌ರೂಮಿನಲ್ಲಿ ವರ್ಷಗಟ್ಟಲೆ ಕಲಿಯಬೇಕಿದ್ದ ಎಷ್ಟೋ ಕೆಲಸ ಯಂತ್ರದ ಪಾಲಾಗಿದೆ. ಕಲಿಯುವವರಿಗೆ ಉಳಿದಿರುವುದು ಆಯ್ಕೆ: ಎಲ್ಲಿ ನಿಲ್ಲಬೇಕು, ಯಾವ ಗಳಿಗೆಗೆ ಕಾಯಬೇಕು, ಚೌಕಟ್ಟಿನೊಳಗೆ ಏನಿರಬೇಕು, ಏನು ಬೇಡ.

ಈ ಆಯ್ಕೆ ಸರಿಯಾಯಿತೇ ಎಂಬುದು ಚಿತ್ರ ತೆಗೆದವರಿಗೆ ಬೇಗ ಕಾಣುವುದಿಲ್ಲ. ಚಿತ್ರದ ಜೊತೆಗೇ ಅವರಿಗೆ ಆ ಬೆಳಗಿನ ಚಳಿ, ಕೆರೆಯ ಏರಿಯ ಮೇಲೆ ಕಾದ ಎರಡು ತಾಸು, ಮಿಂಚುಳ್ಳಿ ಹಾರಿ ಬಂದಾಗಿನ ಎದೆಬಡಿತ ಎಲ್ಲ ನೆನಪಾಗುತ್ತದೆ. ಆ ನೆನಪು ಚಿತ್ರದೊಳಗೆ ಇಳಿದಿದೆಯೋ ಇಲ್ಲವೋ ಎಂದು ಹೇಳಬಲ್ಲವರು ಆ ಏರಿಯ ಮೇಲೆ ಇರದಿದ್ದವರು ಮಾತ್ರ. ಅಭಿಪ್ರಾಯ ಕೇಳಿಕೊಂಡು ಬರುವ ಹುಡುಗಿ ಹುಡುಕುತ್ತಿರುವುದು ಆ ಇನ್ನೊಂದು ಜೊತೆ ಕಣ್ಣುಗಳನ್ನು. ನಾವು “ಸೂಪರ್” ಎಂದು ಅವಳನ್ನು ಬರಿಗೈಯಲ್ಲಿ ಕಳಿಸುತ್ತೇವೆ.

ಅವಳ ನಲವತ್ತರಲ್ಲಿ ಸೂರ್ಯಾಸ್ತಗಳಿದ್ದವು, ಹೂವಿನ ಮೇಲಿನ ಹನಿಗಳಿದ್ದವು. ಅವನ್ನು ಬೇಗ ದಾಟಿದೆ. ಒಂದರ ಮುಂದೆ ಮಾತ್ರ ನಿಂತೆ. ಹಿತ್ತಿಲ ಬಾಗಿಲಲ್ಲಿ ಅಜ್ಜಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಾರೆ. ಪಕ್ಕದಿಂದ ಬೆಳಕು ಬಿದ್ದಿದೆ, ಬೆರಳ ತುದಿಯಿಂದ ಬೇಳೆಯೊಂದು ಈಗಷ್ಟೇ ಚಿಮ್ಮಿದೆ. ಒಳ್ಳೆಯ ಗಳಿಗೆ. ಆದರೂ ಚಿತ್ರ ಎಲ್ಲೋ ಉಸಿರು ಕಟ್ಟಿದಂತಿತ್ತು. “ಇದನ್ನು ಕತ್ತರಿಸಿದ್ದೀಯಾ?” ಎಂದು ಕೇಳಿದೆ. ಹೌದಂತೆ. ಮೂಲ ಚಿತ್ರ ತೆರೆದಳು. ಬಲ ಅಂಚಿನಿಂದ ಒಂದು ಕೈ ಒಳಗೆ ಬಂದಿತ್ತು. ತುಂಬಿದ ಬೋಗುಣಿಯನ್ನು ಎಳೆದುಕೊಂಡು ಖಾಲಿಯದನ್ನು ಅಜ್ಜಿಯ ಮುಂದೆ ಸರಿಸುತ್ತಿದ್ದ ಅವಳಮ್ಮನ ಕೈ. “ಅರ್ಧ ಕೈ ಇರಬಾರದು, ಅಜ್ಜಿ ರೂಲ್ ಆಫ್ ಥರ್ಡ್ಸ್‌ನಲ್ಲಿ ಕೂರಬೇಕು ಅಂತ ತೆಗೆದುಬಿಟ್ಟೆ” ಅಂದಳು. ಚೌಕಟ್ಟನ್ನು ಮೂರು ಪಾಲು ಮಾಡಿ, ಮುಖ್ಯವಾದದ್ದನ್ನು ಆ ಗೆರೆಗಳ ಮೇಲೆ ಕೂರಿಸುವ ನಿಯಮ ಅದು. ಆ ಕೈ ಇದ್ದಾಗ ಅದು ಒಂದು ಮನೆಯ ಬೆಳಗು. ಕೈ ಹೋದ ಮೇಲೆ ಉಳಿದದ್ದು ಬೆಳಕು ಚೆನ್ನಾಗಿ ಬಿದ್ದ ಒಬ್ಬ ಮುದುಕಿ.

ಹೊಗಳಿಕೆಗಿಂತ ನಿಯಮ ವಾಸಿ ಎನ್ನುವವರಿದ್ದಾರೆ. ಸ್ಪರ್ಧೆಗೆ ಕಳಿಸಲಿ, ಅಂಕ ಬಂದರೆ ತಾನೇ ತಿಳಿಯುತ್ತದೆ ಎನ್ನುತ್ತಾರೆ. ಬೆಂಗಳೂರಿಗೆ ಈ ಪರಂಪರೆ ಹೊಸದಲ್ಲ. ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಇಲ್ಲಿದೆ. ಸಿ. ರಾಜಗೋಪಾಲ್, ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥವರು ಸಲೋನ್ ಎಂದು ಕರೆಯುವ ಅಂತರರಾಷ್ಟ್ರೀಯ ಛಾಯಾಚಿತ್ರ ಸ್ಪರ್ಧೆಗಳಲ್ಲಿ ಕರ್ನಾಟಕದ ಹೆಸರು ಕೇಳುವಂತೆ ಮಾಡಿದರು. ಸಲೋನ್ ಶಿಸ್ತು ಕಲಿಸುತ್ತದೆ. ನಿಸರ್ಗ ವಿಭಾಗದಲ್ಲಿ ಇಲ್ಲದ್ದನ್ನು ಸೇರಿಸಬಾರದು, ಇದ್ದದ್ದನ್ನು ಅಳಿಸಬಾರದು ಎಂಬ ಕಟ್ಟುಪಾಡು ಪ್ರಾಮಾಣಿಕತೆಯ ಪಾಠವೇ. ಆದರೆ ಅಂಕ ಎಷ್ಟು ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಪೆರುಮಾಳ್ ಅವರೂ ಓ.ಸಿ. ಎಡ್ವರ್ಡ್ಸ್ ಎಂಬ ಹಿರಿಯರ ಒಡನಾಟದಲ್ಲಿ ಪಳಗಿದವರು. ಮುಂದೆ ತಾವೇ ಎಷ್ಟೋ ಕಿರಿಯರಿಗೆ ಅಂಥ ಹಿರಿಯರಾದರು. ಈ ಕಲೆ ಹಬ್ಬಿದ್ದು ಪಕ್ಕದಲ್ಲಿ ಕೂತು ನೋಡಿದವರಿಂದ.

ದೂರದ ಎರಡು ಉದಾಹರಣೆಗಳೂ ಇದನ್ನೇ ಹೇಳುತ್ತವೆ. ಛಾಯಾಗ್ರಾಹಕ ಸ್ಟೀಫನ್ ಶೋರ್ ಹದಿನಾಲ್ಕರ ಹುಡುಗನಾಗಿದ್ದಾಗ ತನ್ನ ಚಿತ್ರಗಳನ್ನು ಹಿಡಿದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಎಡ್ವರ್ಡ್ ಸ್ಟೈಕನ್ ಬಳಿಗೆ ಹೋದ. ಸ್ಟೈಕನ್ ಮೂರು ಚಿತ್ರಗಳನ್ನು ಮ್ಯೂಸಿಯಂಗೆ ಕೊಂಡರು. ಸಿವಿಲ್ ಎಂಜಿನಿಯರಿಂಗ್ ಓದಿದ್ದ ರಘು ರಾಯ್ ಹಳ್ಳಿಯೊಂದರಲ್ಲಿ ತೆಗೆದ ಕತ್ತೆಮರಿಯ ಚಿತ್ರವನ್ನು ಅಣ್ಣ ಎಸ್. ಪಾಲ್ ಲಂಡನ್ನಿನ ದಿ ಟೈಮ್ಸ್ ಪತ್ರಿಕೆಗೆ ಕಳಿಸಿದರು, ಅದು ಅಚ್ಚಾಯಿತು. ಪ್ರತಿಭೆ ಇದ್ದರೆ ಮೊದಲೇ ಕಾಣುತ್ತದೆ ಎನ್ನಲು ಇಂಥ ಕಥೆಗಳನ್ನು ಹೇಳುವುದುಂಟು. ನನಗೆ ಇವುಗಳಲ್ಲಿ ಕಾಣುವುದು ಹಿರಿಯರ ಕೆಲಸ. ಸ್ಟೈಕನ್ ಆಗಲಿ ಪಾಲ್ ಆಗಲಿ ಎದುರಿಗಿದ್ದವನ ಭವಿಷ್ಯ ಹೇಳಲು ಹೋಗಲಿಲ್ಲ. ಚಿತ್ರಗಳನ್ನು ನೋಡಿ, ಇದು ಎಂದು ಆರಿಸಿದರು. ಇನ್ನು ಮೊದಲೇ ಕಾಣಬೇಕೆಂಬ ನಿಯಮವೂ ಇಲ್ಲ. ಸೆಬಾಸ್ಟಿಯಾವೊ ಸಲ್ಗಾಡೊ ಅರ್ಥಶಾಸ್ತ್ರಜ್ಞರಾಗಿದ್ದು ಮೂವತ್ತರ ಅಂಚಿನಲ್ಲಿ ಈ ವೃತ್ತಿಗೆ ಬಂದವರು.

ಈಗ ಎರಡನೆಯ ಪ್ರಶ್ನೆ, ಮುಂದೆ ಇದನ್ನೇ ಮಾಡಬಹುದಾ ಎಂಬುದು. “ಮೊಬೈಲ್ ಎಲ್ಲರ ಕೈಯಲ್ಲೂ ಇದೆ, ಫೋಟೊಗ್ರಾಫರ್ ಯಾರಿಗೆ ಬೇಕು?” ಎನ್ನುವವರು ಒಮ್ಮೆ ಮದುವೆ ಮಂಟಪದಲ್ಲಿ ನಿಂತು ನೋಡಬೇಕು. ಗಟ್ಟಿಮೇಳ ಮೊಳಗುತ್ತದೆ, ಅಕ್ಷತೆ ಹಾರುತ್ತದೆ, ನೂರು ಮೊಬೈಲುಗಳು ಒಟ್ಟಿಗೆ ಮೇಲೇಳುತ್ತವೆ. ಮಾಂಗಲ್ಯಧಾರಣೆ ಕೆಲವೇ ಸೆಕೆಂಡುಗಳ ಮಾತು, ಇನ್ನೊಮ್ಮೆ ಮಾಡಿ ಎನ್ನುವಂತಿಲ್ಲ. ಅಲ್ಲಿ ಒಬ್ಬನಿಗೆ ಹಣ ಕೊಡುವುದು ಆ ಗಳಿಗೆ ತಪ್ಪಿಸಿಕೊಳ್ಳದಿರುವ ಹೊಣೆಗೆ. ಆ ಹೊಣೆ ಯಾವ ಮೊಬೈಲಿನಲ್ಲೂ ಇಲ್ಲ. ವೃತ್ತಿ ಸತ್ತಿಲ್ಲ.

ಹಾಗೆಂದು “ಮನಸ್ಸು ಹೇಳಿದಂತೆ ಮಾಡು, ಉಳಿದದ್ದು ತಾನಾಗಿ ಬರುತ್ತದೆ” ಎಂಬ ಇನ್ನೊಂದು ಜನಪ್ರಿಯ ಮಾತನ್ನೂ ನಾನು ಒಪ್ಪಲಾರೆ. ತಾನಾಗಿ ಏನೂ ಬರುವುದಿಲ್ಲ. ಹವ್ಯಾಸದಲ್ಲಿ ನಮಗೆ ಬೇಕಾದ್ದನ್ನು ತೆಗೆಯುತ್ತೇವೆ, ವೃತ್ತಿಯಲ್ಲಿ ಇನ್ನೊಬ್ಬರಿಗೆ ಬೇಕಾದ್ದನ್ನು, ಅವರು ಹೇಳಿದ ದಿನಕ್ಕೆ. ಸಂಪಾದನೆ ಒಂದು ತಿಂಗಳಿದ್ದಂತೆ ಇನ್ನೊಂದು ತಿಂಗಳಿಲ್ಲ. ಆಷಾಢದಲ್ಲಿ ಮದುವೆಗಳೇ ಇಲ್ಲ. ಲೆನ್ಸಿನ ಸಾಲದ ಕಂತು ಮಾತ್ರ ಪ್ರತಿ ತಿಂಗಳೂ ಇರುತ್ತದೆ. ಹದಿಹರೆಯದವರಿಗೆ ಯಾರೂ ಹೇಳದ ಕಾನೂನೂ ಇದೆ. 1957ರ ಕಾಪಿರೈಟ್ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು, ತೆಗೆದವರದಲ್ಲ. ಒಪ್ಪಂದಕ್ಕೆ ಸಹಿ ಹಾಕೋಣವೆಂದರೆ ಹದಿನೆಂಟು ತುಂಬಿರಬೇಕು. ನಲವತ್ತು ಸುಂದರ ಚಿತ್ರಗಳನ್ನು ನೋಡಿ “ನೀನು ಫೋಟೊಗ್ರಾಫರ್ ಆಗಬಲ್ಲೆ” ಎನ್ನುವವರು ಈ ಯಾವುದನ್ನೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಅಪ್ಪನ ಮಾತಿನ ಹಿಂದಿರುವುದು ಇದೇ ಹಣದ ಭಯ. ಅದು ನ್ಯಾಯವಾದ ಭಯ. ಅದನ್ನು ಭಯವೆಂದೇ ಹೇಳಿಕೊಳ್ಳಲಿ, ಮಗಳು ಅರ್ಥಮಾಡಿಕೊಳ್ಳುತ್ತಾಳೆ. ಓದನ್ನು ಕ್ಯಾಮೆರಾದ ಎದುರಾಳಿಯಾಗಿ ನಿಲ್ಲಿಸುವುದು ಮಾತ್ರ ತಪ್ಪು. ಮೂಡಿಗೆರೆಯಲ್ಲಿ ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿ ಕ್ಯಾಮೆರಾದಷ್ಟೇ ಆಸೆಯಿಂದ ಹಕ್ಕಿಗಳ ಬಗ್ಗೆ ಓದಿಕೊಂಡರು. ಸಲ್ಗಾಡೊ ಗಣಿ ಕೂಲಿಗಳನ್ನು ನೋಡಿದ ಬಗೆಯಲ್ಲಿ ಅವರ ಅರ್ಥಶಾಸ್ತ್ರವೂ ಇದೆ. ಛಾಯಾಗ್ರಹಣವನ್ನೇ ಓದುವ ದಾರಿಗಳೂ ನಮ್ಮಲ್ಲಿವೆ. ಮೈಸೂರಿನ ಕಾವಾ ಕಾಲೇಜಿದೆ, ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಇದೆ. ಸಿನಿಮಾ ಛಾಯಾಗ್ರಾಹಕರಾದ ಮೈಸೂರಿನ ವಿ.ಕೆ. ಮೂರ್ತಿ ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಅವರು ಆ ಗೌರವಕ್ಕೆ ಪಾತ್ರರಾದ ಮೊದಲ ಛಾಯಾಗ್ರಾಹಕ.

ಹಾಗಾಗಿ “ಮಾಡಬಹುದಾ?” ಎಂಬ ಪ್ರಶ್ನೆಗೆ ಹೌದು, ಇಲ್ಲ ಎರಡನ್ನೂ ನಾನು ಹೇಳಲಿಲ್ಲ. ರಜೆ ಬಂದಾಗ ಮನೆಯವರಿಗೆ ಗೊತ್ತಿರುವ ಫೋಟೊಗ್ರಾಫರ್ ಒಬ್ಬರ ಜೊತೆ ನಾಲ್ಕು ಮದುವೆಗೆ ಹೋಗು ಎಂದೆ. ಲೈಟ್ ಹಿಡಿ, ಕಾರ್ಡಿನಲ್ಲಿದ್ದದ್ದನ್ನು ಎರಡು ಕಡೆ ಕಾಪಿ ಮಾಡು, ಮೂರು ಸಾವಿರ ಚಿತ್ರಗಳಿಂದ ಮುನ್ನೂರು ಆರಿಸು. ಅಷ್ಟಾದ ಮೇಲೂ ಬೆಳಗ್ಗೆ ಕ್ಯಾಮೆರಾ ಎತ್ತಿಕೊಳ್ಳಬೇಕು ಅನ್ನಿಸಿದರೆ ಆಗ ಅಪ್ಪನ ಜೊತೆ ಕೂತು ಮಾತಾಡೋಣ, ನಾನೂ ಬರುತ್ತೇನೆ ಎಂದೆ. ಅಜ್ಜಿಯ ಚಿತ್ರ ಕತ್ತರಿಸಿದ್ದನ್ನೂ ಕತ್ತರಿಸದ್ದನ್ನೂ ಪ್ರಿಂಟ್ ಹಾಕಿಸಿ ಅಜ್ಜಿಗೇ ತೋರಿಸು ಎಂದೂ ಹೇಳಿದೆ.

ವಾರ ಬಿಟ್ಟು ಬಂದಳು. ಕತ್ತರಿಸಿದ ಚಿತ್ರವನ್ನೇ ಮೊದಲು ಕೊಟ್ಟಳಂತೆ. ಅಜ್ಜಿ ಕನ್ನಡಕ ತರಿಸಿಕೊಂಡು, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರಂತೆ. ಚೆನ್ನಾಗಿದೆ ಎಂದೂ ಅನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ. ಬಲ ಅಂಚಿನ ಮೇಲೆ ಬೆರಳಿಟ್ಟು ಕೇಳಿದರಂತೆ: “ಇಲ್ಲಿ ನಿಮ್ಮಮ್ಮ ಇದ್ದಳಲ್ಲೇ, ಎಲ್ಲಿ ಹೋದಳು?”