ವೇಷ ಗುರುತಾದ ಮೇಲೆ: ಹುಸಿ ಸಾಕ್ಷ್ಯಚಿತ್ರದ ಉತ್ತರಭಾಗಗಳು

ಸಾಕ್ಷ್ಯಚಿತ್ರದ ವೇಷ ತೊಟ್ಟು ಬರುವ ವಿಡಂಬನೆಯನ್ನು ಪ್ರಸ್ತುತ ಲೇಖನದಲ್ಲಿ ಹುಸಿ ಸಾಕ್ಷ್ಯಚಿತ್ರವೆಂದು ಕರೆಯಲಾಗಿದೆ. ಕಲ್ಪಿತ ಪಾತ್ರವೊಂದು ನಿಜಲೋಕದೊಳಗೆ ನುಗ್ಗಿ, ಅದು ಕಲ್ಪಿತವೆಂದು ಅರಿಯದ ಜನರಿಂದ ಮಾತು ಹೊರಡಿಸುವುದು ಇದರ ಒಂದು ಮುಖ್ಯ ಬಗೆ. ಈ ಬಗೆಯ ಕೃತಿಗೆ ಉತ್ತರಭಾಗ ಬರೆಯಹೊರಟವನಿಗೆ ವಿಚಿತ್ರವಾದ ತೊಡಕೊಂದು ಎದುರಾಗುತ್ತದೆ. ಮೊದಲ ಭಾಗ ಗೆದ್ದಿತೆಂದರೆ ಪಾತ್ರ ಪ್ರಸಿದ್ಧವಾಯಿತೆಂದೇ ಅರ್ಥ. ಪ್ರಸಿದ್ಧವಾದ ವೇಷಕ್ಕೆ ಮೋಸಹೋಗುವವರು ಸಿಗುವುದಿಲ್ಲ. ಈ ತೊಡಕನ್ನು ಕೃತಿ ಹೇಗೆ ದಾಟುತ್ತದೆ ಎಂಬುದು ಕೇವಲ ತಂತ್ರದ ಪ್ರಶ್ನೆಯಲ್ಲ. ನಗುವವರು ಯಾರು, ನಗೆಗೆ ಗುರಿಯಾಗುವವರು ಯಾರು ಎಂಬ ರಾಜಕೀಯ ಪ್ರಶ್ನೆ ಇಲ್ಲಿಯೇ ತೆರೆದುಕೊಳ್ಳುತ್ತದೆ.

ಜಾಗತಿಕವಾಗಿ ಇದರ ಪ್ರಸಿದ್ಧ ನಿದರ್ಶನವೆಂದರೆ ಸಾಷಾ ಬ್ಯಾರನ್ ಕೊಹೆನ್ ಅಭಿನಯದ ‘ಬೋರಾಟ್’ (2006) ಮತ್ತು ಅದರ 2020ರ ಉತ್ತರಭಾಗ. ಎರಡನೆಯ ಚಿತ್ರದಲ್ಲಿ ಬೋರಾಟನನ್ನು ಅಮೆರಿಕದ ಬೀದಿಯ ಜನ ಗುರುತುಹಿಡಿಯುತ್ತಾರೆ. ಆದ್ದರಿಂದ ವೇಷಧಾರಿಯೇ ಮತ್ತೆ ವೇಷ ಹಾಕಬೇಕಾಗುತ್ತದೆ. ಜನರಿಗೆ ಪರಿಚಯವಿಲ್ಲದ ಮುಖವಾಗಿ ಮಗಳ ಪಾತ್ರದಲ್ಲಿ ಮರಿಯಾ ಬಕಲೋವಾ ಬರುತ್ತಾಳೆ. ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಕೆಲವೇ ದಿನ ಮುಂಚೆ ಬಿಡುಗಡೆಯಾದ ಈ ಚಿತ್ರದಲ್ಲಿ ಹೆಚ್ಚು ಚರ್ಚೆಗೆ ಒಳಗಾದದ್ದು ರೂಡಿ ಜೂಲಿಯಾನಿಯ ಪ್ರಸಂಗ. ಆದರೆ ನನ್ನ ಎಣಿಕೆಯಲ್ಲಿ ಅದಕ್ಕಿಂತ ಮಹತ್ವದ್ದು, ಇದೆಲ್ಲ ನಿಜವಾದ ಸಾಕ್ಷ್ಯಚಿತ್ರವೆಂದೇ ನಂಬಿದ್ದ ಶಿಶುಪಾಲಕಿಯೊಬ್ಬಳು ಆ ಮಗಳಿಗೆ ಹೇಳುವ ಬುದ್ಧಿಮಾತು. ಅವಳು ಮೋಸಹೋದವಳು ಹೌದು, ಹಾಸ್ಯಾಸ್ಪದಳಲ್ಲ. ಮೊದಲ ಚಿತ್ರಕ್ಕೆ ಈ ಹದ ಇರಲಿಲ್ಲ. ಕಜಕಿಸ್ತಾನದ ಹಳ್ಳಿಯೆಂದು ಅದರಲ್ಲಿ ತೋರಿಸಿದ್ದು ರುಮೇನಿಯಾದ ಗ್ಲೋಡ್ ಎಂಬ ಬಡ ಊರನ್ನು. ತಮ್ಮನ್ನು ವಂಚಿಸಲಾಯಿತೆಂದು ಆ ಊರಿನವರು ನ್ಯಾಯಾಲಯದ ಮೆಟ್ಟಿಲೇರಿದರು. ಇತ್ತ ಕಜಕಿಸ್ತಾನದ ಪ್ರಭುತ್ವ ಮೊದಲು ಸಿಟ್ಟಾಗಿ, 2020ರಲ್ಲಿ ಬೋರಾಟನ ಮಾತನ್ನೇ ತನ್ನ ಪ್ರವಾಸೋದ್ಯಮದ ಘೋಷಣೆಯನ್ನಾಗಿ ಮಾಡಿಕೊಂಡಿತು. ವಿಡಂಬನೆಯನ್ನು ಅರಗಿಸಿಕೊಳ್ಳುವ ಶಕ್ತಿ ಪ್ರಭುತ್ವಕ್ಕಿದೆ. ಗ್ಲೋಡ್‌ನಂಥ ಊರಿಗೆ ಇಲ್ಲ.

ಕನ್ನಡದಲ್ಲಿ ಇದಕ್ಕೆ ಅತಿ ಸಮೀಪದ ಉದಾಹರಣೆ ನೊಗ್‌ರಾಜ್. ದಾನಿಶ್ ಸೇಠ್ ಬೆಂಗಳೂರಿನ ರೇಡಿಯೋದಲ್ಲಿ ಮಾಡುತ್ತಿದ್ದ ಚೇಷ್ಟೆಯ ದೂರವಾಣಿ ಕರೆಗಳಲ್ಲಿ ಈ ಪಾತ್ರ ಹುಟ್ಟಿತು. ಸಾದ್ ಖಾನ್ ನಿರ್ದೇಶನದ ‘ಹಂಬಲ್ ಪೊಲಿಟಿಷಿಯನ್ ನೊಗ್‌ರಾಜ್’ ಚಿತ್ರ 2018ರ ಜನವರಿಯಲ್ಲಿ, ವಿಧಾನಸಭಾ ಚುನಾವಣೆಗೆ ನಾಲ್ಕು ತಿಂಗಳು ಮುಂಚೆ ತೆರೆಕಂಡಿತು. ಅದೇ ಪಾತ್ರದ ಮುಂದುವರಿಕೆಯಾಗಿ 2022ರ ಜನವರಿಯಲ್ಲಿ ಆಗಿನ ವೂಟ್ ವೇದಿಕೆಯಲ್ಲಿ ಧಾರಾವಾಹಿ ಬಂದಿತು. ಚಿತ್ರ, ಧಾರಾವಾಹಿ ಎರಡೂ ಬರೆದ ಕಥೆಗಳು. ಅರಿಯದ ಜನರಿಂದ ಮಾತು ಹೊರಡಿಸುವ ಗುಣವಿದ್ದುದು ಮೂಲದ ಕರೆಗಳಲ್ಲಿ. ಹೀಗಾಗಿ ನೊಗ್‌ರಾಜನ ಪಯಣವನ್ನು ಕರೆ, ಚಿತ್ರ, ಧಾರಾವಾಹಿ ಎಂಬ ಮೂರು ಘಟ್ಟಗಳಲ್ಲಿ ಓದಬೇಕು.

ಕರೆಗಳ ಘಟ್ಟದಲ್ಲಿ ವಿಡಂಬನೆಯ ನಿಜವಾದ ವಸ್ತು ರಾಜಕಾರಣಿಯಲ್ಲ, ಕರೆಯ ಇನ್ನೊಂದು ತುದಿಯಲ್ಲಿದ್ದವನು. ಅಧಿಕಾರದ ದನಿ ಕೇಳಿದೊಡನೆ ಸಾಮಾನ್ಯನ ದನಿ ಹೇಗೆ ಬಾಗುತ್ತದೆ, ಅಸಂಬದ್ಧ ಬೇಡಿಕೆಗೂ ಎಷ್ಟು ಹೊತ್ತು ‘ಸರ್’ ಎನ್ನುತ್ತದೆ, ಯಾವ ಕ್ಷಣದಲ್ಲಿ ತಿರುಗಿಬೀಳುತ್ತದೆ ಎಂಬುದಕ್ಕೆ ಇಂಥ ಕರೆಗಳು ದಾಖಲೆಯಾಗಬಲ್ಲವು. ಆದರೆ ಇದೇ ಕಾರಣಕ್ಕೆ ಅಲ್ಲಿ ನಗೆಪಾಟಲಾಗುವವನೂ ಹೆಚ್ಚಾಗಿ ಬಲವಿಲ್ಲದವನೇ.

ಚಿತ್ರಕ್ಕೆ ಬಂದಾಗ ಆ ಅರಿಯದ ಎದುರಾಳಿ ಮಾಯವಾಗುತ್ತಾನೆ. ಶಾಸಕನಾಗಲು ಹವಣಿಸುವ ಕಾರ್ಪೊರೇಟರ್ ನೊಗ್‌ರಾಜನಿಗೆ ಇದಿರಾಗಿ ಸುಶಿಕ್ಷಿತ ಸಜ್ಜನ ಅರುಣ್ ಪಾಟೀಲ ನಿಲ್ಲುತ್ತಾನೆ. ಇಲ್ಲಿ ನಗೆಯ ಭಾರವೆಲ್ಲ ಬೀಳುವುದು ನೊಗ್‌ರಾಜನ ಮೈಮೇಲೆ, ಅದರಲ್ಲೂ ಅವನ ನಾಲಗೆಯ ಮೇಲೆ. ಕನ್ನಡದ ಧಾಟಿಯಲ್ಲಿ ಹೊರಳುವ ಅವನ ಇಂಗ್ಲಿಷು ಪ್ರೇಕ್ಷಕನಿಗೆ ಲಂಚದಷ್ಟೇ ನಗು ತರಿಸುತ್ತದೆ. ಇದು ಗಂಭೀರವಾಗಿ ಯೋಚಿಸಬೇಕಾದ ಸಂಗತಿ. ಶುದ್ಧ ಇಂಗ್ಲಿಷಿನಲ್ಲಿ ನಡೆಯುವ ಭ್ರಷ್ಟತೆಯೇ ಇಲ್ಲವೆಂಬ ಭ್ರಮೆ ಬೆಂಗಳೂರಿನ ಒಂದು ವರ್ಗಕ್ಕೆ ಬಹುಕಾಲದಿಂದ ಹಿತವಾಗಿದೆ. ಚಿತ್ರ ಅದನ್ನು ಕೆಣಕುವ ಬದಲು ನೇವರಿಸುತ್ತದೆ.

ಕರ್ನಾಟಕದ ಹೊರಗಿನ ಪ್ರೇಕ್ಷಕನ ನೆಲೆಯಿಂದ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಪುಣೆಯ ಉತ್ತರಕ್ಕಿರುವ ಚಾಕಣವನ್ನು ತೆಗೆದುಕೊಳ್ಳಬಹುದು. ಈರುಳ್ಳಿ ಮಾರುಕಟ್ಟೆಗೂ ಸಂಗ್ರಾಮದುರ್ಗದ ಕೋಟೆಗೂ ಹೆಸರಾಗಿದ್ದ ಈ ಊರು ಇಂದು ವಾಹನ ಕಾರ್ಖಾನೆಗಳ ನಾಡು. ಉತ್ತರ ಕರ್ನಾಟಕದಿಂದ ದುಡಿಯಲು ಹೋದವರೂ ಅಲ್ಲಿದ್ದಾರೆ. ಪರಭಾಷೆಯಲ್ಲಿ ವ್ಯವಹರಿಸುವ ದುಡಿಮೆಗಾರನ ಮರಾಠಿಯಲ್ಲೋ ಹಿಂದಿಯಲ್ಲೋ ತಾಯ್ನುಡಿಯ ಧಾಟಿ ಇಣುಕುವುದು ಸಹಜ. ಅಂಥವನಿಗೆ ಉಚ್ಚಾರಣೆಯ ಮೇಲಿನ ನಗೆ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವನು ನೊಗ್‌ರಾಜನನ್ನು ನೋಡಿ ನಗಬೇಕಾದರೆ ತನ್ನದೇ ನಾಲಗೆಯನ್ನು ಮರೆತು ನಗಬೇಕು.

ಚಾಕಣದ ಮಾತು ಬಂದುದರಿಂದ ಇನ್ನೊಂದು ಸಂಗತಿ. ಪುಣೆಯ ಹೊಸ ವಿಮಾನನಿಲ್ದಾಣ ಚಾಕಣದ ಆಸುಪಾಸಿನಲ್ಲಿ ಬರುವುದೆಂದು ವರ್ಷಗಟ್ಟಲೆ ಹೇಳಲಾಗಿತ್ತು. 2016ರಲ್ಲಿ ಆ ಯೋಜನೆ ಪುರಂದರದ ಕಡೆಗೆ ಹೋಯಿತು. ಅಭಿವೃದ್ಧಿಯ ಇಂಥ ಆಸೆ, ಜಮೀನಿನ ಬೆಲೆ, ಊರ ಮುಖಂಡರ ಲೆಕ್ಕಾಚಾರಗಳನ್ನು ಹಿಡಿಯಬಲ್ಲ ವಿಡಂಬನೆ ಮರಾಠಿಯಲ್ಲಿ ಇದೆ. ಉಮೇಶ್ ಕುಲಕರ್ಣಿಯವರ ‘ದೇವೂಳ್’ (2011) ಚಿತ್ರದಲ್ಲಿ ಹಳ್ಳಿಗೆ ಬರಬೇಕಾದ ಆಸ್ಪತ್ರೆಯನ್ನು ಗುಡಿಯೊಂದು ಹಿಂದೆ ತಳ್ಳುತ್ತದೆ. (ರಾಷ್ಟ್ರೀಯ ಶ್ರೇಷ್ಠ ಚಿತ್ರ ಪ್ರಶಸ್ತಿಯನ್ನು ಆ ವರ್ಷ ಇದರೊಡನೆ ಹಂಚಿಕೊಂಡದ್ದು ನಮ್ಮ ಕರಾವಳಿಯ ನುಡಿಯಾದ ಬ್ಯಾರಿಯ ಚಿತ್ರ.) ಅದೇ ನಿರ್ದೇಶಕರ ‘ವಳೂ’ (2008) ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಪುಂಡ ಗೂಳಿಯನ್ನು ಹಿಡಿಯಲು ಬಂದ ಅರಣ್ಯಾಧಿಕಾರಿಯ ತಮ್ಮ ಆ ಪ್ರಸಂಗವನ್ನು ಸಾಕ್ಷ್ಯಚಿತ್ರವಾಗಿ ಸೆರೆಹಿಡಿಯಲು ಕ್ಯಾಮರಾ ತರುತ್ತಾನೆ. ಊರಿಗೆ ಆ ಕ್ಯಾಮರಾದ ಅರಿವಿದೆ. ಅದರ ಮುಂದೆ ಎಲ್ಲರೂ ತಮಗೆ ಬೇಕಾದ ಪಾತ್ರ ವಹಿಸುತ್ತಾರೆ. ನಗೆ ಹಳ್ಳಿಯವರ ಮೇಲೆಷ್ಟೋ ಕ್ಯಾಮರಾ ಹಿಡಿದವನ ಮೇಲೂ ಅಷ್ಟೇ.

ನೊಗ್‌ರಾಜನ ಧಾರಾವಾಹಿಗೆ ಎದುರಾದ ಕಷ್ಟ ಬೇರೆ ಬಗೆಯದು. ಅತಂತ್ರ ವಿಧಾನಸಭೆ, ರೆಸಾರ್ಟ್ ರಾಜಕಾರಣ, ಮುಖ್ಯಮಂತ್ರಿ ಪದವಿಗಾಗಿ ಪೈಪೋಟಿ ಅದರ ವಸ್ತು. ಎದುರಾಳಿಯಾಗಿ ಪ್ರಕಾಶ್ ಬೆಳವಾಡಿಯವರಂಥ ಪಳಗಿದ ನಟರಿದ್ದುದರಿಂದ ಮಾತಿನ ಜಟಾಪಟಿಗೆ ಕಸುವು ಬಂದಿದೆ. ಆದರೆ 2018ರ ಮೇ ತಿಂಗಳಿಂದ 2019ರ ಜುಲೈವರೆಗೆ ಕರ್ನಾಟಕ ಕಂಡದ್ದನ್ನು ನೆನೆಯಬೇಕು. ಶಾಸಕರು ಬಸ್ಸುಗಳಲ್ಲಿ ರೆಸಾರ್ಟಿಗೆ ಸಾಗಿದರು. ರಾಜೀನಾಮೆಯಿತ್ತವರು ಮುಂಬಯಿಯ ಹೋಟೆಲಿನಲ್ಲಿ ಕುಳಿತರು. ಸದನದಲ್ಲಿ ದಿನಗಟ್ಟಲೆ ಎಳೆದ ವಿಶ್ವಾಸಮತ ಕೊನೆಗೆ 99ಕ್ಕೆ 105ರಿಂದ ಬಿದ್ದಿತು. 17 ಶಾಸಕರು ಅನರ್ಹರಾದರು. ಇದೆಲ್ಲವನ್ನೂ ಸುದ್ದಿವಾಹಿನಿಗಳಲ್ಲಿ ನೇರವಾಗಿ ನೋಡಿದ ಪ್ರೇಕ್ಷಕನಿಗೆ ಎರಡೂವರೆ ವರ್ಷದ ನಂತರ ಅದನ್ನೇ ಉತ್ಪ್ರೇಕ್ಷಿಸಿ ತೋರಿಸಲು ಉಳಿದದ್ದು ಕಡಿಮೆ. ವಸ್ತುಸ್ಥಿತಿಯೇ ಅಣಕವನ್ನು ಮೀರಿಸಿದಾಗ ಧಾರಾವಾಹಿ ಮತ್ತೆ ಉಚ್ಚಾರಣೆಯ ನಗೆಗೇ ಮೊರೆಹೋಗುತ್ತದೆ. ಅತಂತ್ರ ಸದನವನ್ನು ಸಾಧ್ಯಮಾಡಿದ ಹಣದ ಮೂಲ, ಮತದಾರನ ಪಾಲು ಇವುಗಳ ಕಡೆಗೆ ಅದರ ನೋಟ ಹೊರಳಿದ್ದರೆ ಉತ್ತರಭಾಗಕ್ಕೆ ಬೇರೆಯೇ ತೂಕ ಬರುತ್ತಿತ್ತು.

ಗುರುತಾದ ವೇಷದಿಂದ ಮತ್ತೆ ಮತ್ತೆ ಆಟ ಕಟ್ಟುವ ಕಲೆ ನಮ್ಮಲ್ಲಿ ಹೊಸದೇನಲ್ಲ. ಹಗಲುವೇಷದವರು ಒಂದೂರಿನಲ್ಲಿ ಹಲವು ದಿನ ಬೀಡುಬಿಟ್ಟು ದಿನಕ್ಕೊಂದು ವೇಷದಲ್ಲಿ ಮನೆಬಾಗಿಲಿಗೆ ಬರುತ್ತಾರೆ. ಮಹಾರಾಷ್ಟ್ರದ ಬಹುರೂಪಿ ಪೊಲೀಸನ ಉಡುಪಿನಲ್ಲಿ ಬಂದು ಮನೆಯವರನ್ನು ಗದರಿಸುತ್ತಾನೆ. ಮೊದಲ ಗಳಿಗೆಯ ಗಲಿಬಿಲಿ ಕಳೆದರೆ ಅವನಾರೆಂದು ಎಲ್ಲರಿಗೂ ಗೊತ್ತು. ಗೊತ್ತಾದ ಮೇಲೂ ಆಟ ಕೆಡುವುದಿಲ್ಲ. ಗದರಿಸಿದವನೇ ಕೊನೆಗೆ ಕಾಳಿಗೋ ಕಾಸಿಗೋ ಅದೇ ಮನೆಯವರ ಮುಂದೆ ಕೈಚಾಚುತ್ತಾನೆ. ಅಧಿಕಾರದ ವೇಷ ತೊಟ್ಟವನು ಅಲ್ಲಿ ಎಲ್ಲರಿಗಿಂತ ಕೆಳಗೆ ನಿಂತವನು. ರೇಡಿಯೋ ಕೇಂದ್ರದ ಯಂತ್ರಗಳ ಹಿಂದೆ ಕುಳಿತ ನೊಗ್‌ರಾಜನಿಗೆ ಈ ಸ್ಥಾನಪಲ್ಲಟ ಒದಗಲಿಲ್ಲ.

ನೊಗ್‌ರಾಜನ ಕುರಿತು ಅಧ್ಯಯನ ಕೈಗೊಳ್ಳುವವರು ಚಿತ್ರ, ಧಾರಾವಾಹಿಗಳಿಗಿಂತ ಮೊದಲು ಆ ಹಳೆಯ ಕರೆಗಳಿಗೆ ಕಿವಿಗೊಡುವುದು ಒಳಿತು. ಅವುಗಳಲ್ಲಿಯೂ ನೊಗ್‌ರಾಜನ ಮಾತಿಗಲ್ಲ, ಅವನಿಗೆ ಉತ್ತರ ಕೊಡುತ್ತಿದ್ದವರ ಮಾತಿಗೆ.