ನೋಡಿದ್ದು, ಕಂಡದ್ದು

ನಮ್ಮ ಪ್ರವಾಸ ಕಥನಗಳಲ್ಲಿ ಸ್ಟಾಕ್‌ಹೋಮ್ ಬಂದಾಗಲೆಲ್ಲ ನನಗೊಂದು ಅತೃಪ್ತಿ. ಅರಮನೆ, ಸೇತುವೆ, ಚಳಿ, ಕಾಫಿಯ ಬೆಲೆ ಎಲ್ಲವೂ ಇರುತ್ತವೆ. ನೋಡಿದವರ ಮನಸ್ಸು ಮಾತ್ರ ಕಾಣುವುದಿಲ್ಲ. ‘ವಾಸಾ’ ಹಡಗನ್ನೇ ತೆಗೆದುಕೊಳ್ಳಿ. 1628ರಲ್ಲಿ ಮೊದಲ ಯಾನದಲ್ಲೇ ಅದು ಮೇಲ್ಭಾರ ಹೆಚ್ಚಾಗಿ ವಾಲಿ, ಬಂದರಿನಲ್ಲಿಯೇ ಮುಳುಗಿತು. ಸ್ವೀಡನ್ನಿನವರು 1961ರಲ್ಲಿ ಅದನ್ನು ಮೇಲೆತ್ತಿದರು. ಅದಕ್ಕೆಂದೇ ಒಂದು ವಸ್ತುಸಂಗ್ರಹಾಲಯ ಕಟ್ಟಿದರು. ನಮ್ಮವರು ಹಡಗಿನ ಉದ್ದಗಲ ಬರೆಯುತ್ತಾರೆ. ಒಂದು ನಾಡು ತನ್ನ ಸೋಲನ್ನೇ ಅತಿಥಿಗಳ ಮುಂದಿಡುವುದೇಕೆ ಎಂದು ಕೇಳುವುದಿಲ್ಲ.

ಕೇಳಬೇಕಾದರೆ ಕಣ್ಣು ಮೊದಲು ಊರಿನಲ್ಲಿ ಪಳಗಿರಬೇಕು. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ನರಗುಂದದ ಬಾಬಾಸಾಹೇಬ ಸೋತು, ಬೆಳಗಾವಿಯಲ್ಲಿ ಗಲ್ಲಿಗೇರಿದ. ಅವನ ಕೋಟೆಯ ಗುಡ್ಡ ನಮಗೆ ಬಸ್ಸಿನ ಕಿಟಕಿಯ ನೋಟವಷ್ಟೆ. ರೋಣ, ಗಜೇಂದ್ರಗಡಗಳಿಗೆ ಸಮೀಪದ ಸೂಡಿಯಲ್ಲಿ ಚಾಲುಕ್ಯರ ಕಾಲದ ಜೋಡು ಕಳಸದ ಗುಡಿಯಿದೆ, ನಾಗಕುಂಡವಿದೆ. ಆ ದಾರಿಯಲ್ಲಿ ನಾನೂ ಎಷ್ಟೋ ಸಲ ಹೋಗಿದ್ದೇನೆ. ಇಳಿದದ್ದು ಒಮ್ಮೆ ಮಾತ್ರ.

ಕಾರಂತರು ಯೂರೋಪಿಗೆ ಹೋದದ್ದು ತಮ್ಮ ಕರಾವಳಿಯನ್ನು, ಯಕ್ಷಗಾನವನ್ನು ಚೆನ್ನಾಗಿ ಅರಿತ ಮೇಲೆ. ‘ಅಪೂರ್ವ ಪಶ್ಚಿಮ’ದ ಬೆಲೆ ಇರುವುದು ಅಲ್ಲಿಯೇ ಎಂದು ನನ್ನ ಎಣಿಕೆ. ನರಗುಂದದಲ್ಲಿ ಇಳಿಯದವರು ಸ್ಟಾಕ್‌ಹೋಮಿನಲ್ಲಿ ಇಳಿದರೂ ಫಲಕಗಳನ್ನಷ್ಟೇ ಓದಿ ಬಂದಾರು.